ತೆರೆಸಾ ವಾಲಕ್: ಮೋಟಾರು ಸೈಕಲಿನ ಮಹಾಯಾನ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಎರಡರಲ್ಲಿ ಯಾವುದಾದರೊಂದು ಸಾಕು ಎಂಬಂತೆ ನಾವು ಅದನ್ನು ಬಳಸುತ್ತೇವೆ. ಕಾಲೇಜಿಗೆ ಬಂದವರು ಕೋಶವನ್ನು ಹಿಡಿದರು, ದೇಶವನ್ನು ಬಿಟ್ಟರು. ಅದರಲ್ಲಿಯೂ ಹೆಣ್ಣುಮಕ್ಕಳಾದರೆ ಕೋಶ ದೊರೆತದ್ದೇ ದೊಡ್ಡದೆಂದು ಸುಮ್ಮನಾಗುವುದು ವಾಡಿಕೆ. ಆದರೆ ಮೊದಲು ಕೋಶವನ್ನು ಓದಿ, ಆ ಓದಿನ ಬಲದಿಂದಲೇ ದೇಶವನ್ನು ಸುತ್ತಿ, ಸುತ್ತಿ ಬಂದದ್ದನ್ನು ಮತ್ತೆ ಪಾಠವಾಗಿ ಇತರರಿಗೆ ಕಲಿಸಿದ ಒಬ್ಬ ಮಹಿಳೆ ಕಳೆದ ಶತಮಾನದಲ್ಲಿ ಇದ್ದಳು. ಆಕೆಯ ಹೆಸರು ತೆರೆಸಾ ವಾಲಕ್. ಮೋಟಾರು ಸೈಕಲಿನ ಮೇಲೆ ದೂರ ಪ್ರಯಾಣ ಮಾಡುವವರ ವಲಯದಲ್ಲಿ ಆ ಹೆಸರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ. ನಮ್ಮ ಪಠ್ಯಗಳಲ್ಲಿ ಆಕೆಗೆ ಸ್ಥಳವಿಲ್ಲ. ಆದುದರಿಂದ ಈ ಸಂಚಿಕೆಯ ಕೆಲವು ಪುಟಗಳನ್ನು ಆಕೆಗಾಗಿ ಬೇಡಿಕೊಂಡಿದ್ದೇನೆ.

ತೆರೆಸಾ ವಾಲಕ್ ಹುಟ್ಟಿದ್ದು ೧೯೦೯ನೆಯ ಇಸವಿ ಏಪ್ರಿಲ್ ೩೦ರಂದು, ಇಂಗ್ಲೆಂಡಿನಲ್ಲಿ. ಮೋಟಾರು ಸೈಕಲು ಆಗಿನ್ನೂ ಎಳೆಯ ಯಂತ್ರ. ಅದನ್ನು ಹತ್ತಿದವನಿಗೆ ಎಣ್ಣೆ ಹಾಕಲೂ ಬಿಚ್ಚಿ ಜೋಡಿಸಲೂ ಬಾರದಿದ್ದರೆ ದಾರಿಯಲ್ಲಿಯೇ ನಿಲ್ಲಬೇಕಾಗಿದ್ದ ಕಾಲ. ಹುಡುಗಿಗೆ ಯಂತ್ರಗಳ ಹುಚ್ಚು ಹೇಗೆ ಹತ್ತಿತೋ, ಹತ್ತಿದ ಮೇಲೆ ಬಿಡಲಿಲ್ಲ. ಸವಾರರು ಮತ್ತು ಯಂತ್ರ ಬಲ್ಲವರ ಒಡನಾಟದಲ್ಲಿ ಆಕೆ ಸವಾರಿಯನ್ನೂ ದುರಸ್ತಿಯನ್ನೂ ಒಟ್ಟೊಟ್ಟಿಗೆ ಕಲಿತಳು. ಮುಂದೆ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ನಾರ್ಥಾಂಪ್ಟನ್ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗಕ್ಕೆ ಸೇರಿದಳು. ೧೯೬೬ರಲ್ಲಿ ಸಿಟಿ ವಿಶ್ವವಿದ್ಯಾನಿಲಯವಾದದ್ದು ಅದೇ ಸಂಸ್ಥೆ. ಗಂಡಸರೇ ತುಂಬಿದ್ದ ಆ ವಿದ್ಯೆಗೆ ಒಬ್ಬ ಹುಡುಗಿ ಕಾಲಿಟ್ಟಾಗ ಎಂತಹ ನೋಟಗಳು ಆಕೆಯ ಮೇಲೆ ಬಿದ್ದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

೧೯೨೮ರಲ್ಲಿ ಒಂದು ಸ್ಥಳೀಯ ಮೋಟಾರು ಸೈಕಲ್ ಕ್ಲಬ್ಬು ಆಕೆಯನ್ನು ಸದಸ್ಯಳಾಗಿ ಸೇರಿಸಿಕೊಳ್ಳಲು ನಿರಾಕರಿಸಿತು. ಸವಾರಿ ಬಾರದೆಂದಲ್ಲ, ಹೆಣ್ಣೆಂದು. ಅದೇ ೧೯೨೮ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಹೆಂಗಸರಿಗೆ ಗಂಡಸರಷ್ಟೇ ವಯಸ್ಸಿನಲ್ಲಿ, ಎಂದರೆ ಇಪ್ಪತ್ತೊಂದಕ್ಕೆ, ಮತದ ಹಕ್ಕನ್ನು ಕೊಟ್ಟಿತು. ರಾಜ್ಯವನ್ನು ಆಳುವವರನ್ನು ಆರಿಸಲು ಯೋಗ್ಯಳಾದವಳು ಭಾನುವಾರದ ಸವಾರಿ ಸಂಘಕ್ಕೆ ಅಯೋಗ್ಯಳಾದಳು! ಕಾಯಿದೆ ಮುಂದೆ ಹೋದರೂ ರೂಢಿ ಅಷ್ಟು ಬೇಗ ಹಿಂಬಾಲಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ವಾಲಕ್ ಅರ್ಜಿ ಹಿಡಿದು ಅಲೆಯಲಿಲ್ಲ. ಸ್ಪರ್ಧೆಗಳಿಗೆ ಇಳಿದಳು, ಗೆದ್ದಳು.

ಆಗ ಇಂಗ್ಲೆಂಡಿನಲ್ಲಿ ವೇಗದ ಪರೀಕ್ಷೆ ಎಂದರೆ ಬ್ರೂಕ್‌ಲ್ಯಾಂಡ್ಸ್. ಸರೆ ಪ್ರಾಂತ್ಯದಲ್ಲಿ ೧೯೦೭ರಲ್ಲಿ ಕಟ್ಟಿದ ಆ ಕಾಂಕ್ರೀಟಿನ ಪಥ ಮೋಟಾರು ಪಂದ್ಯಗಳಿಗೆಂದೇ ನಿರ್ಮಿಸಿದ ಜಗತ್ತಿನ ಮೊದಲ ಓಟದಂಗಳ. ಒಂದು ಸುತ್ತು ಸುಮಾರು ಎರಡೂಮುಕ್ಕಾಲು ಮೈಲಿ. ತಿರುವುಗಳಲ್ಲಿ ನೆಲ ಬಾಣಲೆಯ ಅಂಚಿನಂತೆ ಮೇಲೇಳುತ್ತಿತ್ತು. ವರ್ಷಗಳು ಕಳೆದಂತೆ ಕಾಂಕ್ರೀಟು ಉಬ್ಬುತಗ್ಗಾಗಿ ಸವಾರನನ್ನು ಗಾಳಿಗೆ ಚಿಮ್ಮಿಸುತ್ತಿತ್ತು. ಅಲ್ಲಿ ಗಂಟೆಗೆ ೧೦೦ ಮೈಲಿಗೂ ಮೀರಿದ ಸರಾಸರಿಯಲ್ಲಿ ಒಂದು ಸುತ್ತು ಬಂದ ಮೋಟಾರು ಸೈಕಲ್ ಸವಾರನಿಗೆ ಚಿನ್ನದ ನಕ್ಷತ್ರದ ಪುಟ್ಟ ಬಿಲ್ಲೆಯೊಂದನ್ನು ಕೊಡುತ್ತಿದ್ದರು. ಆ ಬಿಲ್ಲೆಯನ್ನು ಗಳಿಸಿದ ಹೆಂಗಸರು ಮೂವರೇ. ೧೯೩೪ರಲ್ಲಿ ಮೊದಲನೆಯವಳಾಗಿ ಗಳಿಸಿದವಳು ಫ್ಲಾರೆನ್ಸ್ ಬ್ಲೆಂಕಿರನ್. ಅದೇ ವರ್ಷ ಎರಡನೆಯವಳಾದವಳು ಬಿಯಾಟ್ರಿಸ್ ಶಿಲ್ಲಿಂಗ್. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಯುದ್ಧವಿಮಾನಗಳ ಎಂಜಿನು ಧುಮುಕುವಾಗ ನಿಂತುಹೋಗುತ್ತಿದ್ದ ದೋಷವನ್ನು ೧೯೪೧ರಲ್ಲಿ ಒಂದು ಸಣ್ಣ ಲೋಹದ ತಡೆಯಿಂದ ಪರಿಹರಿಸಿದ ಎಂಜಿನಿಯರು ಈಕೆಯೇ. ಮೂರನೆಯವಳು ತೆರೆಸಾ ವಾಲಕ್. ಆದರೆ ಆಕೆಯ ಸರದಿ ಬಂದದ್ದು ಐದು ವರ್ಷಗಳ ಅನಂತರ. ನಡುವೆ ಆಕೆಗೆ ಬೇರೆ ಕೆಲಸವಿತ್ತು.

ಆ ಕೆಲಸವೇ ಈ ಲೇಖನದ ಹೃದಯ. ಲಂಡನ್ನಿನಿಂದ ಆಫ್ರಿಕದ ದಕ್ಷಿಣ ತುದಿಯ ಕೇಪ್‌ಟೌನಿಗೆ ಭೂಮಾರ್ಗವಾಗಿ ಮೋಟಾರು ಸೈಕಲಿನಲ್ಲಿ ಹೋಗಬೇಕೆಂದು ಬ್ಲೆಂಕಿರನ್ ಮತ್ತು ವಾಲಕ್ ನಿಶ್ಚಯಿಸಿದರು. ಹಕ್ಕಿ ಹಾರಿದಂತೆ ಅಳೆದರೂ ಈ ಎರಡು ಊರುಗಳ ನಡುವೆ ಸುಮಾರು ೯,೬೦೦ ಕಿಲೋಮೀಟರು. ನೆಲದ ದಾರಿ ಹಕ್ಕಿಯ ದಾರಿಯಲ್ಲ. ನಡುವೆ ಒಂದು ಸಮುದ್ರ, ಜಗತ್ತಿನ ಅತಿ ದೊಡ್ಡ ಬಿಸಿಲ ಮರುಭೂಮಿ, ಭೂಮಧ್ಯರೇಖೆಯ ದಟ್ಟ ಕಾಡು, ಸೇತುವೆಯಿಲ್ಲದ ನದಿಗಳು. ಹಿಂದೆ ಹೋದವರ ಅನುಭವವೂ ಧೈರ್ಯ ಕೊಡುವಂತಹದಲ್ಲ. ಸಹಾರಾವನ್ನು ಮೋಟಾರು ವಾಹನ ಮೊದಲು ದಾಟಿದ್ದು ೧೯೨೨ರ ಕೊನೆಯಲ್ಲಿ ಹೊರಟ ಸಿಟ್ರೋಯೆನ್ ತಂಡದಿಂದ; ಅವರ ಬಂಡಿಗಳಿಗೆ ಹಿಂದೆ ಗಾಲಿಯ ಬದಲು ಪಟ್ಟಿಗಳಿದ್ದವು. ಕೋರ್ಟ್ ಟ್ರೀಟ್ ದಂಪತಿಗಳ ತಂಡ ಕೇಪ್‌ಟೌನಿನಿಂದ ಕೈರೋವಿಗೆ ಕಾರುಗಳಲ್ಲಿ ಹೋಗಲು ೧೯೨೪ರಲ್ಲಿ ಹೊರಟು ೧೯೨೬ರಲ್ಲಿ ಮುಟ್ಟಿತು. ಅವರಿಗೆ ತಂಡವಿತ್ತು, ಸಾಮಾನು ಸರಂಜಾಮು ಇತ್ತು. ಇವರಿಬ್ಬರಿಗೆ ಇದ್ದದ್ದು ಇವರಿಬ್ಬರೇ. ವಾಲಕ್‌ಗೆ ಆಗ ಇಪ್ಪತ್ತೈದು ವರ್ಷ.

ಇಂತಹ ಪ್ರಯಾಣಗಳ ವಿಷಯ ಓದುವಾಗ ನಾವು ಸಾಮಾನ್ಯವಾಗಿ ಸಿಂಹ, ಹಾವು, ಬಿರುಗಾಳಿಗಳನ್ನು ಹುಡುಕುತ್ತೇವೆ. ನನಗಾದರೋ ಹೊರಡುವ ಮುಂಚಿನ ತಿಂಗಳುಗಳೇ ಹೆಚ್ಚು ಸ್ವಾರಸ್ಯವಾಗಿ ತೋರುತ್ತವೆ. ಏಕೆಂದರೆ ಧೈರ್ಯಕ್ಕೆ ಲೆಕ್ಕ ಬರುತ್ತದೆಯೇ ಇಲ್ಲವೇ ಎಂಬುದು ಗೊತ್ತಾಗುವುದು ಆಗಲೇ.

ಮೊದಲನೆಯದು ವಾಹನದ ಪ್ರಶ್ನೆ. ಯಾರ್ಕ್‌ಷೈರಿನ ಕ್ಲೆಕ್‌ಹೀಟನ್ ಎಂಬ ಊರಿನ ಫೆಲನ್ ಅಂಡ್ ಮೂರ್ ಕಂಪನಿ ಪ್ಯಾಂಥರ್ ಎಂಬ ಹೆಸರಿನ ಮೋಟಾರು ಸೈಕಲುಗಳನ್ನು ತಯಾರಿಸುತ್ತಿತ್ತು. ಆ ಪೈಕಿ ಸುಮಾರು ೬೦೦ ಸಿ.ಸಿ.ಯ ಒಂಟಿ ಸಿಲಿಂಡರಿನ ಯಂತ್ರವೊಂದು ಇವರ ಪಾಲಿಗೆ ಬಂತು. ಅದು ವೇಗದ ಕುದುರೆಯಲ್ಲ, ನೇಗಿಲಿನ ಎತ್ತು. ಅದರ ರಚನೆಯಲ್ಲಿ ಒಂದು ವಿಶೇಷವಿತ್ತು: ಮುಂದಕ್ಕೆ ವಾಲಿ ನಿಂತ ಸಿಲಿಂಡರೇ ಚೌಕಟ್ಟಿನ ಮುಂಭಾಗದ ಕಂಬದ ಕೆಲಸವನ್ನೂ ಮಾಡುತ್ತಿತ್ತು. ದೊಡ್ಡ ಸಿಲಿಂಡರು ನಿಧಾನವಾಗಿ, ಆದರೆ ಬಲವಾಗಿ ಮಿಡಿಯುವುದರಿಂದ ಭಾರ ಎಳೆಯುವುದಕ್ಕೆ ಅದು ತಕ್ಕದ್ದು. ಸಿಲಿಂಡರು ಒಂದೇ ಆದುದರಿಂದ ಕೆಡುವ ಭಾಗಗಳೂ ಕಡಿಮೆ; ಕೆಟ್ಟರೆ ಇಬ್ಬರೇ ಕುಳಿತು ಬಿಚ್ಚಬಹುದು. ಮರುಭೂಮಿಯಲ್ಲಿ ಅಗತ್ಯವಾದ ಗುಣ ಸರಳತೆ ಎಂಬುದನ್ನು ಎಂಜಿನಿಯರಿಂಗ್ ಓದಿದ ಹುಡುಗಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಈ ಯಂತ್ರಕ್ಕೆ ಪಕ್ಕದಲ್ಲಿ ಒಂದು ಸೈಡ್‌ಕಾರನ್ನು ಜೋಡಿಸಿದರು. ಹಿಂದೆ ಒಂದು ಟ್ರೈಲರನ್ನು ಕಟ್ಟಿದರು. ಇಲ್ಲಿ ಒಂದು ಲೆಕ್ಕವನ್ನು ಓದುಗರು ನನ್ನೊಡನೆ ಮಾಡಬೇಕು. ಒಂದು ಲೀಟರು ನೀರಿಗೆ ಒಂದು ಕಿಲೋ ತೂಕ. ಒಂದು ಲೀಟರು ಪೆಟ್ರೋಲಿಗೆ ಮುಕ್ಕಾಲು ಕಿಲೋ. ಮುಂದಿನ ಪೆಟ್ರೋಲು ೪೦೦ ಕಿಲೋಮೀಟರಿನ ಆಚೆ ಇದ್ದರೆ ಅಷ್ಟು ದೂರಕ್ಕೂ ಬೇಕಾದುದನ್ನು ಹೊರಬೇಕು. ಆದರೆ ಹೊತ್ತ ಭಾರ ಹೆಚ್ಚಿದಂತೆ ಎಂಜಿನು ಹೆಚ್ಚು ಪೆಟ್ರೋಲನ್ನು ಕುಡಿಯುತ್ತದೆ. ಆ ಹೆಚ್ಚಿನದಕ್ಕೆ ಮತ್ತಷ್ಟು ಪೆಟ್ರೋಲು, ಅದಕ್ಕೆ ಮತ್ತಷ್ಟು ಭಾರ. ಮರಳಿನಲ್ಲಿ ಈ ಲೆಕ್ಕ ಇನ್ನೂ ಕೆಡುತ್ತದೆ, ಏಕೆಂದರೆ ಭಾರವಾದ ಗಾಲಿ ಹೂಳುತ್ತದೆ. ನೀರನ್ನು ಬಿಡುವಂತಿಲ್ಲ, ಉಪಕರಣಗಳನ್ನು ಬಿಡುವಂತಿಲ್ಲ, ಬಿಡಿಭಾಗಗಳನ್ನು ಬಿಡುವಂತಿಲ್ಲ. ಹಾಗಾದರೆ ಏನನ್ನು ಬಿಡಬೇಕು? ದೂರ ಪ್ರಯಾಣದ ಸಿದ್ಧತೆಯೆಂದರೆ ಬೇಕಾದುದನ್ನು ಸೇರಿಸುವ ಪಟ್ಟಿಯಲ್ಲ, ಬೇಕಾದವುಗಳಲ್ಲಿಯೇ ಬಿಡಬಹುದಾದುದನ್ನು ಕಂಡುಕೊಳ್ಳುವ ಪಟ್ಟಿ. ಅವರು ದಿಕ್ಸೂಚಿಯನ್ನೂ ಒಯ್ಯಲಿಲ್ಲವೆಂಬುದು ಪ್ರಸಿದ್ಧವಾದ ಸಂಗತಿ. ಸಂಗಡ ಸಹಾಯದ ವಾಹನ ಒಂದೂ ಇರಲಿಲ್ಲ.

ಸೈಡ್‌ಕಾರಿನ ವಿಷಯದಲ್ಲಿ ಇನ್ನೊಂದು ತೊಡಕು. ಕಾರಿನ ಗಾಲಿಗಳು ನೆಲದಲ್ಲಿ ಎರಡು ಸಾಲು ಮಾಡುತ್ತವೆ. ನಮ್ಮ ಊರುಗಳ ಗಾಡಿಜಾಡಿನಂತೆಯೇ. ಸೈಡ್‌ಕಾರು ಕಟ್ಟಿದ ಮೋಟಾರು ಸೈಕಲಿನ ಅಗಲ ಆ ಜಾಡಿಗೆ ಹೊಂದುವುದಿಲ್ಲ. ಸೈಕಲಿನ ಗಾಲಿ ಒಂದು ಸಾಲಿನಲ್ಲಿ ಇಳಿದರೆ ಪಕ್ಕದ ಗಾಲಿ ನಡುವಿನ ಮರಳಿನ ದಿಣ್ಣೆಯನ್ನು ಕತ್ತರಿಸಿಕೊಂಡೇ ಹೋಗಬೇಕು. ಹಿಂದೆ ಟ್ರೈಲರಿನ ಗಾಲಿಗಳು ಬೇರೆ. ಎಲ್ಲವೂ ಒಂದೇ ಎಂಜಿನಿಗೆ ಭಾರ.

ಎರಡನೆಯದು ದಾರಿಯ ಪ್ರಶ್ನೆ. ಸಹಾರಾ ದಾಟಲು ಫ್ರೆಂಚರ ಆಡಳಿತದಲ್ಲಿ ಆಗ ಎರಡು ಮುಖ್ಯ ಮಾರ್ಗಗಳಿದ್ದವು. ಪಶ್ಚಿಮದ್ದು ತಾನೆಜ್ರೂಫ್ತ್ ಎಂಬ ಚಪ್ಪಟೆ ನೆಲದ ಮೇಲೆ ಹಾಯುವುದು; ಅಲ್ಲಿ ನೀರೂ ಇಲ್ಲ, ನೆರಳೂ ಇಲ್ಲ. ಪೂರ್ವದ್ದು ಹೊಗ್ಗಾರ್ ಪರ್ವತಗಳ ಪಕ್ಕದಲ್ಲಿ ತಮನ್ರಾಸೆತ್ ಮೂಲಕ ಅಗಾದೆಜ್‌ಗೂ ಅಲ್ಲಿಂದ ನೈಜೀರಿಯದ ಕಾನೋ ನಗರಕ್ಕೂ ಹೋಗುವುದು. ನೆಲ ಒರಟು, ಆದರೆ ನಡುನಡುವೆ ಬಾವಿ, ಕೋಟೆ, ಜನ. ಇವರು ಹಿಡಿದದ್ದು ಈ ಎರಡನೆಯ ದಾರಿ. ಹೊರಡುವ ಕಾಲವೂ ಲೆಕ್ಕ ಹಾಕಿದ್ದೇ ಇರಬೇಕು. ಬೇಸಗೆಯಲ್ಲಿ ಮರುಭೂಮಿಯ ಮಾರ್ಗಗಳನ್ನು ಮುಚ್ಚುತ್ತಿದ್ದರು. ಆದುದರಿಂದ ಚಳಿಗಾಲವೇ ಗತಿ. ಆದರೆ ಚಳಿಗಾಲದಲ್ಲಿ ಸಹಾರಾ ದಾಟಿದವರಿಗೆ ಮಧ್ಯ ಆಫ್ರಿಕದಲ್ಲಿ ಮಳೆಗಾಲ ಎದುರಾಗದಿರಬೇಕಾದರೆ ನಡುವೆ ತಡವಾಗಕೂಡದು. ಒಂದು ಕಡೆ ತಡವಾದರೆ ಇನ್ನೊಂದು ಕಡೆ ಕೆಸರು.

ಮೂರನೆಯದು ಅನುಮತಿಯ ಪ್ರಶ್ನೆ. ಇದೇ ಎಲ್ಲಕ್ಕಿಂತ ಕಠಿಣ. ದಾರಿ ಫ್ರೆಂಚರ, ಬ್ರಿಟಿಷರ ಮತ್ತು ಬೆಲ್ಜಿಯನರ ಆಡಳಿತಗಳನ್ನು ಹಾಯ್ದು ಹೋಗುತ್ತಿತ್ತು. ಪ್ರತಿಯೊಂದು ಗಡಿಗೂ ಕಾಗದ, ಪ್ರತಿಯೊಂದು ಕಾಗದಕ್ಕೂ ಮೊಹರು. ಸಹಾರಾದಲ್ಲಿ ಸಿಕ್ಕಿಬಿದ್ದವರನ್ನು ಹುಡುಕಿ ತರುವ ಹೊಣೆ ಸೈನ್ಯದ್ದಾದುದರಿಂದ ಅಧಿಕಾರಿಗಳು ಎಲ್ಲರನ್ನೂ ಸುಲಭವಾಗಿ ಬಿಡುತ್ತಿರಲಿಲ್ಲ. ಮೋಟಾರು ಸೈಕಲಿನಲ್ಲಿ ಇಬ್ಬರೇ ಹೆಂಗಸರೆಂದರೆ ಕೇಳಬೇಕೇ?

ಇಲ್ಲಿ ನನ್ನ ಒಂದು ಮಾತು. ನಮ್ಮ ತರಗತಿಯ ಹುಡುಗಿಯರಲ್ಲಿ ಅನೇಕರು ದಿನವೂ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವವರು. ಎರಡು ದಿನಗಳ ಶೈಕ್ಷಣಿಕ ಪ್ರವಾಸವೆಂದರೆ ನಮ್ಮ ಮನೆಗಳಲ್ಲಿ ಎಷ್ಟು ಪ್ರಶ್ನೆಗಳು ಏಳುತ್ತವೆಂಬುದು ನಮಗೆ ಗೊತ್ತು: ಯಾರು ಜೊತೆಗೆ? ರಾತ್ರಿ ಎಲ್ಲಿ? ಬಸ್ಸು ಕೆಟ್ಟರೆ? ಹುಡುಗರಿಗೆ ಇವೇ ಪ್ರಶ್ನೆಗಳನ್ನು ಕೇಳುವುದಿಲ್ಲ. ಕೇಳುವವರಿಗೆ ಉತ್ತರ ಬೇಕಾಗಿಲ್ಲ, ಬೇಡವೆನ್ನಲು ಒಂದು ನೆಪ ಬೇಕಾಗಿದೆ ಎಂದು ನಮಗೆ ಸಿಟ್ಟು ಬರುವುದುಂಟು. ಸಿದ್ಧತೆ ಚೆನ್ನಾಗಿದ್ದರೆ ಅನುಮತಿ ತಾನಾಗಿ ದೊರೆಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ವಾಲಕ್‌ಳ ಬದುಕು ಹಾಗೆ ಹೇಳುವುದಿಲ್ಲ. ಆಕೆಗೆ ಸವಾರಿ ಬರುತ್ತಿದ್ದರೂ ಕ್ಲಬ್ಬು ಬಾಗಿಲು ಹಾಕಿತು. ಆದರೆ ಆಕೆಯ ಬದುಕು ಇನ್ನೊಂದನ್ನು ತೋರಿಸುತ್ತದೆ. ಬಸ್ಸು ಕೆಟ್ಟರೆ ಏನು ಮಾಡುತ್ತೀ ಎಂಬ ಪ್ರಶ್ನೆಗೆ ನಾನೇ ರಿಪೇರಿ ಮಾಡುತ್ತೇನೆ ಎಂದು ನಿಜವಾಗಿ ಹೇಳಬಲ್ಲವಳ ಮುಂದೆ ಆ ಪ್ರಶ್ನೆ ನಿಲ್ಲುವುದಿಲ್ಲ. ನಿರಾಕರಿಸುವವರು ಆಮೇಲೂ ನಿರಾಕರಿಸಬಹುದು. ಆದರೆ ಕಾರಣ ಕೊಟ್ಟು ನಿರಾಕರಿಸಲಾರರು. ನೆಪಗಳು ಒಂದೊಂದಾಗಿ ಉದುರಿ, ಹಿಂದೆ ನಿಂತ ರೂಢಿಯೊಂದೇ ಬರಿಮೈಯಲ್ಲಿ ಕಾಣುತ್ತದೆ. ಅಷ್ಟಾದರೂ ಅದು ಸಣ್ಣ ಲಾಭವಲ್ಲ.

ಅಂತೂ ೧೯೩೪ನೆಯ ಇಸವಿ ಡಿಸೆಂಬರ್ ೧೧ರಂದು ಅವರು ಲಂಡನ್ನನ್ನು ಬಿಟ್ಟರು. ಬ್ರಿಟಿಷ್ ಕಾಮನ್ಸ್ ಸಭೆಯಲ್ಲಿ ೧೯೧೯ರಲ್ಲಿ ಮೊದಲ ಮಹಿಳೆಯಾಗಿ ಕುಳಿತ ಲೇಡಿ ಆಸ್ಟರ್ ಅವರನ್ನು ಬೀಳ್ಕೊಟ್ಟರು. ಫ್ರಾನ್ಸನ್ನು ದಾಟಿ, ಹಡಗಿನಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ಕಳೆದು ಆಲ್ಜಿಯರ್ಸ್ ಸೇರಿದರು. ಅಲ್ಲಿಂದ ಮುಂದೆ ದಕ್ಷಿಣಕ್ಕೆ ಮುಖ.

ಆಲ್ಜಿಯರ್ಸಿನಿಂದ ತಮನ್ರಾಸೆತ್‌ಗೆ ಸುಮಾರು ೨,೦೦೦ ಕಿಲೋಮೀಟರು. ಮೊದಲು ಬೆಟ್ಟಸಾಲು, ಆಮೇಲೆ ಹುಲ್ಲುಗಾವಲು, ಆಮೇಲೆ ಕಲ್ಲು, ಆಮೇಲೆ ಮರಳು. ಸಹಾರಾ ಎಂದರೆ ಬರಿಯ ಮರಳೆಂದು ನಾವು ಭೂಗೋಳದ ಚಿತ್ರಗಳಲ್ಲಿ ನೋಡಿ ತಿಳಿದಿದ್ದೇವೆ. ವಾಸ್ತವದಲ್ಲಿ ಅದರ ಹೆಚ್ಚಿನ ಭಾಗ ಕಲ್ಲು ಮತ್ತು ಹರಳಿನ ನೆಲ. ಹಗಲು ಸುಡುವ ಆ ನೆಲ ಚಳಿಗಾಲದ ರಾತ್ರಿಯಲ್ಲಿ ನೀರನ್ನು ಹೆಪ್ಪುಗಟ್ಟಿಸುವಷ್ಟು ತಣ್ಣಗಾಗುವುದುಂಟು. ವಾಹನಗಳು ಹಾದ ನೆಲದಲ್ಲಿ ಹಲಗೆ ಗೀರಿದಂತೆ ಅಡ್ಡ ಏರಿಳಿತಗಳು ಎದ್ದು, ಗಾಲಿಯಿಂದ ಹಲ್ಲಿನವರೆಗೆ ಎಲ್ಲವನ್ನೂ ನಡುಗಿಸುತ್ತವೆ. ಇಂತಹ ದಾರಿಯಲ್ಲಿ ಮೊದಲು ಸಡಿಲವಾಗುವುದು ತಿರುಪುಗಳು. ಬಳಿಕ ಮುರಿಯುವುದು ಕೊಂಡಿಗಳು. ಮರಳಿನಲ್ಲಿ ಹೂತ ಗಾಡಿಯನ್ನು ಅಗೆದು ತಳ್ಳಿ ಮೇಲೆತ್ತುವುದು ಅವರ ದಿನಚರಿಯಾಯಿತು. ರಾತ್ರಿ ಒಮ್ಮೆ ಬಯಲು, ಒಮ್ಮೆ ಫ್ರೆಂಚ್ ಸೈನಿಕರ ಕೋಟೆ, ಒಮ್ಮೆ ಅಲೆಮಾರಿ ಜನರ ಗುಡಾರಗಳ ಆತಿಥ್ಯ. ಭಾಷೆ ಬಾರದ ಆ ಮರಳುಗಾಡಿನ ಜನ ಈ ಇಬ್ಬರು ಅಪರಿಚಿತ ಹೆಂಗಸರನ್ನು ಅತಿಥಿಗಳಂತೆ ಕಂಡರೆಂಬುದನ್ನು ಮರೆಯಬಾರದು. ಕ್ಲಬ್ಬಿನ ಬಾಗಿಲಿಗಿಂತ ಗುಡಾರದ ಬಾಗಿಲು ಅಗಲವಾಗಿತ್ತು.

ತಮನ್ರಾಸೆತ್‌ನಿಂದ ಇನ್ ಗೆಜ್ಜಾಮ್‌ವರೆಗೆ ಸುಮಾರು ೪೦೦ ಕಿಲೋಮೀಟರು. ಅಲ್ಲಿಂದ ಅಗಾದೆಜ್‌ಗೆ ಮತ್ತೆ ಅಷ್ಟೇ, ಅದಕ್ಕೂ ಹೆಚ್ಚು. ಯಂತ್ರದ ಸಹನೆ ಈ ಭಾಗದಲ್ಲಿ ಮುಗಿಯಿತು. ಅಷ್ಟು ಭಾರವನ್ನು ಅಷ್ಟು ಮೆತ್ತನೆಯ ನೆಲದಲ್ಲಿ ಎಳೆದೆಳೆದು ಎಂಜಿನು ಕೆಟ್ಟಿತು. ಕೊನೆಗೆ ಅಗಾದೆಜ್ ಪಟ್ಟಣದಲ್ಲಿ ಅದನ್ನು ಪೂರ್ತಿ ಬಿಚ್ಚಿ, ಮೊದಲಿನಿಂದ ಮತ್ತೆ ಕಟ್ಟಬೇಕಾಯಿತು. ಮಣ್ಣಿನ ಮನೆಗಳ, ಮಣ್ಣಿನಿಂದಲೇ ಕಟ್ಟಿದ ಎತ್ತರದ ಮಸೀದಿಯ ಆ ಪುರಾತನ ಊರಿನಲ್ಲಿ, ಒಂಟೆಗಳ ಸಾರ್ಥಗಳು ಬಂದು ಇಳಿಯುವ ಸ್ಥಳದಲ್ಲಿ, ಇಂಗ್ಲೆಂಡಿನ ಯಂತ್ರವೊಂದು ಚೂರುಚೂರಾಗಿ ಬಿದ್ದಿತ್ತು. ಪಾಲಿಟೆಕ್ನಿಕ್ಕಿನ ಪಾಠಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬರುವಂತಿರಲಿಲ್ಲ. ತಪ್ಪಿದರೆ ಮುಂದಿನ ವರ್ಷ ಕಟ್ಟುತ್ತೇನೆ ಎನ್ನುವ ಪರೀಕ್ಷೆಯೂ ಅದಲ್ಲ. ವಾಲಕ್ ಅದನ್ನು ಪಾಸು ಮಾಡಿದಳು. ಎಂಜಿನು ಮತ್ತೆ ಮಿಡಿಯಿತು.

ಕಾನೋದಿಂದ ಮುಂದೆ ಮರಳು ಹೋಗಿ ಕೆಸರು ಬಂತು. ಫ್ರೆಂಚ್ ಸಮಭಾಜಕ ಆಫ್ರಿಕ, ಬೆಲ್ಜಿಯನ್ ಕಾಂಗೋ, ಉಗಾಂಡ, ಕೆನ್ಯ, ತಾಂಗನ್ಯಿಕ, ಉತ್ತರ ಮತ್ತು ದಕ್ಷಿಣ ರೊಡೇಸಿಯಗಳು ಒಂದರ ಹಿಂದೊಂದು ಬಂದವು. ಉಷ್ಣವಲಯದ ಬಿರುಮಳೆಗಳು ದಾರಿಯನ್ನು ಹೊಳೆ ಮಾಡಿದವು. ಆ ಭಾಗದ ನದಿಗಳಿಗೆ ಸೇತುವೆಯಿಲ್ಲದ ಕಡೆ ಮರದ ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ ವಾಹನಗಳನ್ನು ದಾಟಿಸುವುದು ಆಗಿನ ಪದ್ಧತಿ. ಕಾಡುಗಳಲ್ಲಿ ಗೊರಿಲ್ಲ, ಬಯಲುಗಳಲ್ಲಿ ಸಿಂಹ, ಎಲ್ಲೆಲ್ಲಿಯೂ ಹಾವು. ಆದರೆ ಪ್ರಾಣಿಗಳಿಂದ ಆಗದ ಅಪಾಯ ಮನುಷ್ಯನಿಂದ ಆಯಿತು. ತಾಂಗನ್ಯಿಕದಲ್ಲಿ, ದಿನಗಟ್ಟಲೆ ಒಂದು ವಾಹನವನ್ನೂ ಕಾಣದ ದಾರಿಯಲ್ಲಿ, ಎದುರಿಗೆ ಬಂದ ಒಂದೇ ಒಂದು ಕಾರಿಗೆ ಇವರ ಪ್ಯಾಂಥರು ಡಿಕ್ಕಿ ಹೊಡೆಯಿತು! ಇಡೀ ಖಂಡದ ಅಗಲವಿದ್ದರೂ ಇಬ್ಬರಿಗೆ ದಾರಿ ಸಾಲದೆ ಹೋಯಿತು. ಮತ್ತೆ ದುರಸ್ತಿ, ಮತ್ತೆ ಪ್ರಯಾಣ.

೧೯೩೫ನೆಯ ಇಸವಿ ಜುಲೈ ೨೯ರಂದು ಅವರು ಕೇಪ್‌ಟೌನನ್ನು ತಲುಪಿದರು. ಹೊರಟಂದಿನಿಂದ ೨೩೦ ದಿನಗಳು. ಮೋಟಾರು ಸೈಕಲಿನಲ್ಲಿ ಆಫ್ರಿಕವನ್ನು ಉತ್ತರದಿಂದ ದಕ್ಷಿಣಕ್ಕೆ, ಸಹಾರಾದ ಮೂಲಕ, ಉದ್ದಕ್ಕೂ ದಾಟಿದವರಲ್ಲಿ ಇವರೇ ಮೊದಲಿಗರೆಂದು ಪ್ರಸಿದ್ಧಿ.

ಈ ಸಾಹಸವನ್ನು ಮೆಚ್ಚುವಾಗ ಇನ್ನೊಂದು ವಿಷಯವನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. ೧೯೩೪ರಲ್ಲಿ ಅವರು ಹಾಯ್ದ ಆಫ್ರಿಕದ ಒಂದು ದೇಶವೂ ತನ್ನ ಜನರ ಕೈಯಲ್ಲಿರಲಿಲ್ಲ. ಕೋಟೆಗಳು ಫ್ರೆಂಚರವು, ಗಡಿಗಳು ಯೂರೋಪಿಯನರು ಎಳೆದವು. ಲಂಡನ್ನಿನ ಇಬ್ಬರು ಹುಡುಗಿಯರು ಕೇಪ್‌ಟೌನಿನವರೆಗೆ ಹೋಗಬಹುದಾಗಿತ್ತು. ಅದೇ ದಾರಿಯಲ್ಲಿ ಅಗಾದೆಜ್‌ನ ಇಬ್ಬರು ಹುಡುಗಿಯರು ಲಂಡನ್ನಿಗೆ ಹೊರಟಿದ್ದರೆ ಯಾವ ಕಚೇರಿ ಮೊಹರು ಒತ್ತುತ್ತಿತ್ತು? ಪರಾಧೀನತೆಯನ್ನು ಕಂಡ ದೇಶದವರಾದ ನಮಗೆ ಈ ಪ್ರಶ್ನೆ ತೋರಲೇಬೇಕು. ನೈಜರ್, ನೈಜೀರಿಯ, ಕಾಂಗೋಗಳು ೧೯೬೦ರಲ್ಲಿ, ತಾಂಗನ್ಯಿಕ ೧೯೬೧ರಲ್ಲಿ, ಆಲ್ಜೀರಿಯ ಮತ್ತು ಉಗಾಂಡಗಳು ೧೯೬೨ರಲ್ಲಿ, ಕೆನ್ಯ ೧೯೬೩ರಲ್ಲಿ ಸ್ವತಂತ್ರವಾದವು. ಉತ್ತರ ರೊಡೇಸಿಯ ೧೯೬೪ರಲ್ಲಿ ಜಾಂಬಿಯವಾಯಿತು. ದಕ್ಷಿಣ ರೊಡೇಸಿಯ ೧೯೮೦ರಲ್ಲಿ ಜಿಂಬಾಬ್ವೆಯಾಯಿತು. ಈ ಮಾತಿನಿಂದ ಆ ಇಬ್ಬರ ಶ್ರಮ ಕಿರಿದಾಗುವುದಿಲ್ಲ. ಹೆಣ್ಣೆಂಬ ಕಾರಣದಿಂದ ಮುಚ್ಚಿದ ಬಾಗಿಲನ್ನು ಅವರು ತಾವೇ ತೆರೆದರು. ಬಿಳಿಯರೆಂಬ ಕಾರಣದಿಂದ ತೆರೆದಿದ್ದ ಬಾಗಿಲುಗಳ ಮೂಲಕವೂ ಹೋದರು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಚ್ಚಿಟ್ಟರೆ ಜೀವನಚರಿತ್ರೆ ಸ್ತೋತ್ರವಾಗುತ್ತದೆ.

ಊರಿಗೆ ಹಿಂತಿರುಗಿದ ಮೇಲೆ ವಾಲಕ್ ಮತ್ತೆ ಓಟದಂಗಳಕ್ಕೆ ಹೋದಳು. ೧೯೩೯ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ, ಕೇವಲ ೩೫೦ ಸಿ.ಸಿ. ವರ್ಗದ ನಾರ್ಟನ್ ಯಂತ್ರದ ಮೇಲೆ ಗಂಟೆಗೆ ೧೦೧ ಮೈಲಿಗೂ ಮೀರಿದ ವೇಗದಲ್ಲಿ ಸುತ್ತು ಬಂದು ಚಿನ್ನದ ನಕ್ಷತ್ರವನ್ನು ಪಡೆದಳು. ಅದೇ ವರ್ಷ ಯುದ್ಧ ಆರಂಭವಾಗಿ ಆ ಅಂಗಳ ಓಟಕ್ಕೆ ಶಾಶ್ವತವಾಗಿ ಮುಚ್ಚಿತು. ಯುದ್ಧಕಾಲದಲ್ಲಿ ಆಕೆ ಹೆಂಗಸರ ಸಹಾಯಕ ಸೈನ್ಯವನ್ನು ಸೇರಿ ಯಂತ್ರಗಳ ದುರಸ್ತಿಯಲ್ಲಿ ದುಡಿದಳು. ಮೋಟಾರು ಸೈಕಲಿನ ಮೇಲೆ ಸೈನ್ಯದ ಸಂದೇಶಗಳನ್ನು ಒಯ್ದಳು. ಬ್ರಿಟಿಷ್ ಸೈನ್ಯದಲ್ಲಿ ಆ ಕೆಲಸ ಮಾಡಿದ ಮೊದಲ ಮಹಿಳೆಯೆಂದು ಆಕೆಯನ್ನು ಹೆಸರಿಸುತ್ತಾರೆ. ಹೆಂಗಸರಿಗೆ ತಕ್ಕ ಕೆಲಸವಲ್ಲವೆಂದು ಶಾಂತಿಕಾಲದಲ್ಲಿ ಹೇಳಿದವರು ಯುದ್ಧ ಬಂದಾಗ ಅದೇ ಕೆಲಸಕ್ಕೆ ಹೆಂಗಸರನ್ನು ಕರೆದರು. ಇಂತಹ ಮರೆವು ಎಲ್ಲ ದೇಶಗಳಲ್ಲಿಯೂ ಉಂಟು.

ಯುದ್ಧ ಮುಗಿದ ಮೇಲೆ ಮನೆಯಲ್ಲಿ ಕುಳಿತುಕೊಳ್ಳುವುದು ಆಕೆಯ ಜಾಯಮಾನಕ್ಕೆ ಒಗ್ಗಲಿಲ್ಲ. ನಾರ್ಟನ್ ಮೋಟಾರು ಸೈಕಲೊಂದನ್ನು ತೆಗೆದುಕೊಂಡು ಅಮೆರಿಕಕ್ಕೆ ಹೋಗಿ, ಅಮೆರಿಕ ಸಂಯುಕ್ತ ಸಂಸ್ಥಾನ, ಕೆನಡ, ಮೆಕ್ಸಿಕೊಗಳಲ್ಲಿ ಎರಡೂವರೆ ವರ್ಷ, ೩೨,೦೦೦ ಮೈಲಿ ಸುತ್ತಿದಳು. ಕೈಯಲ್ಲಿ ಹಣವಿರಲಿಲ್ಲ. ಹೋದ ಊರಿನಲ್ಲಿ ಸಿಕ್ಕ ಕೆಲಸ ಮಾಡಿ, ಸಿಕ್ಕ ಹಣದಲ್ಲಿ ಮುಂದಿನ ಊರಿಗೆ ಹೋದಳು. ಪಾತ್ರೆ ತೊಳೆದದ್ದೂ ಉಂಟು, ವಿಮಾನಗಳನ್ನು ದುರಸ್ತಿ ಮಾಡಿದ್ದೂ ಉಂಟು. ಎರಡನ್ನೂ ಒಂದೇ ಮನಸ್ಸಿನಿಂದ ಮಾಡಬಲ್ಲವರು ಅಪರೂಪ.

ಕೊನೆಗೆ ಆಕೆ ಅಮೆರಿಕದಲ್ಲಿಯೇ ನೆಲೆಸಿದಳು. ಶಿಕಾಗೋದಲ್ಲಿ ಮೋಟಾರು ಸೈಕಲಿನ ಅಂಗಡಿಯನ್ನು ನಡೆಸಿದಳು. ಬಹುಮಂದಿಯ ಬಾಳು ಇಂತಹ ಘಟ್ಟದಲ್ಲಿ ಇಳಿಜಾರು ಹಿಡಿಯುತ್ತದೆ: ಹಿಂದಿನ ಸಾಹಸಗಳನ್ನು ಹೇಳಿಕೊಳ್ಳುತ್ತ, ಮುಂದೆ ಏನನ್ನೂ ಮಾಡದೆ ಇದ್ದುಬಿಡುತ್ತಾರೆ. ವಾಲಕ್‌ಳ ಕಣ್ಣಿಗೆ ಅಂಗಡಿಯಲ್ಲಿ ಒಂದು ಸಂಗತಿ ಬಿತ್ತು. ಜನ ಯಂತ್ರವನ್ನು ಕೊಳ್ಳುತ್ತಾರೆ. ಆದರೆ ನಡೆಸುವುದನ್ನು ಅವರಿಗೆ ಯಾರೂ ಕ್ರಮವಾಗಿ ಕಲಿಸಿಲ್ಲ. ಬಿದ್ದು ಕಲಿಯುವುದೇ ಕಲಿಕೆಯೆಂದು ತಿಳಿದಿದ್ದಾರೆ. ಕಲಿಸುವುದೇ ಆಕೆಯ ಮುಖ್ಯ ಉದ್ಯೋಗವಾಯಿತು. ೧೯೭೦ರಲ್ಲಿ ಸುಲಭವಾದ ಮೋಟಾರು ಸೈಕಲ್ ಸವಾರಿಯನ್ನು ಕುರಿತು ಆಕೆ ಬರೆದ ಪುಸ್ತಕ ಹೊರಬಂದು ಬಹಳ ಜನರ ಕೈ ಸೇರಿತು. ಅರಿಜೋನದ ಫೀನಿಕ್ಸ್ ನಗರಕ್ಕೆ ಹೋಗಿ ೧೯೭೩ರಲ್ಲಿ ಸವಾರಿ ಶಾಲೆಯನ್ನು ತೆರೆದಳು. ಮಹಿಳಾ ಸವಾರರ ಅಂತರರಾಷ್ಟ್ರೀಯ ಸಂಘ ೧೯೫೦ರಲ್ಲಿ ಲೂಯಿಸ್ ಶರ್ಬಿನ್ ಎಂಬಾಕೆಯಿಂದ ಸ್ಥಾಪಿತವಾದಾಗ ಅದರ ಮೊದಲ ಅಂತರರಾಷ್ಟ್ರೀಯ ಉಪಾಧ್ಯಕ್ಷೆಯಾದವಳೂ ಈಕೆಯೇ. ಒಂದು ಕ್ಲಬ್ಬು ಹೊರಗಿಟ್ಟ ಹುಡುಗಿ ಖಂಡಖಂಡಗಳಿಗೆ ಹಬ್ಬಿದ ಸಂಘವೊಂದರ ಹಿರಿಯಳಾದಳು.

ಆಕೆ ಜೀವಮಾನದಲ್ಲಿ ಕಾರನ್ನು ಕೊಳ್ಳಲಿಲ್ಲ. ಎಂಬತ್ತೆಂಟನೆಯ ವಯಸ್ಸಿನವರೆಗೆ ಮೋಟಾರು ಸೈಕಲನ್ನೇ ನಡೆಸಿದಳು. ಕಣ್ಣು ಮಂದವಾದಾಗ ಮಾತ್ರ ಪರವಾನಗಿಯನ್ನು ಒಪ್ಪಿಸಬೇಕಾಯಿತು. ೧೯೯೯ರ ಏಪ್ರಿಲ್ ೩೦ರಂದು, ತನ್ನ ತೊಂಬತ್ತನೆಯ ಹುಟ್ಟುಹಬ್ಬದ ದಿನವೇ, ಕಣ್ಮುಚ್ಚಿದಳು. ಆಫ್ರಿಕದ ಪ್ರಯಾಣವನ್ನು ಕುರಿತು ಆಕೆ ಬರೆದಿಟ್ಟಿದ್ದ ಪುಸ್ತಕ ಅಚ್ಚಾದದ್ದು ಆಕೆ ಹೋದ ಮೇಲೆ, ೨೦೦೧ರಲ್ಲಿ. ಪ್ರಯಾಣ ಮುಗಿದು ಆಗ ಅರವತ್ತಾರು ವರ್ಷಗಳಾಗಿದ್ದವು. ೨೦೦೩ರಲ್ಲಿ ಅಮೆರಿಕದ ಮೋಟಾರು ಸೈಕಲ್ ಸಂಘ ತನ್ನ ಕೀರ್ತಿಮಂದಿರದಲ್ಲಿ ಆಕೆಯ ಹೆಸರನ್ನು ಸೇರಿಸಿತು.

ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಈ ಯಂತ್ರದ ಕಥೆಯಿಂದ ಆಗಬೇಕಾದ್ದೇನು ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಎಲ್ಲರೂ ಸಹಾರಾ ದಾಟಬೇಕಾಗಿಲ್ಲ. ಆದರೆ ಪರೀಕ್ಷೆ ಮುಗಿದ ಮೇಲೆ ನಮ್ಮಲ್ಲಿ ಪ್ರತಿಯೊಬ್ಬಳಿಗೂ ಪ್ರತಿಯೊಬ್ಬನಿಗೂ ಒಂದು ಪ್ರಯಾಣ ಕಾದಿದೆ: ಕೆಲಸಕ್ಕೋ, ಮುಂದಿನ ಓದಿಗೋ, ಕಾಣದ ಊರಿಗೋ. ಆಗ ಕೇಳುವ ಪ್ರಶ್ನೆಗಳು ಇವೇ. ಏನನ್ನು ಹೊರಬೇಕು, ಏನನ್ನು ಬಿಡಬೇಕು? ದಾರಿ ಯಾವುದು, ಕಾಲ ಯಾವುದು? ಕೆಟ್ಟದ್ದನ್ನು ಸರಿಮಾಡುವ ವಿದ್ಯೆ ನನ್ನ ಕೈಯಲ್ಲಿ ಇದೆಯೇ? ಬೇಡವೆನ್ನುವವರು ಯಾವ ಕಾಲಕ್ಕೂ ಇರುತ್ತಾರೆ. ಅವರ ಅಪ್ಪಣೆಗಾಗಿ ಕಾಯುವ ದಿನಗಳನ್ನು ಕಲಿಯುವುದರಲ್ಲಿ ಕಳೆದರೆ, ಬಾಗಿಲು ತೆರೆದ ದಿನ ನಾವು ಬರಿಗೈಯಲ್ಲಿ ನಿಂತಿರುವುದಿಲ್ಲ. ನಾವು ಮುಂದೆ ಹೋದ ಮೇಲೆ, ಹಿಂದಿನಿಂದ ಬರುವ ಹುಡುಗಿಯರಿಗೆ ಕಲಿಸುವ ಕೆಲಸವೂ ನಮ್ಮದೇ ಆಗುತ್ತದೆ.